ಎಡಬಾಗಿಲಿನ ನಾರ್ಬರ್ಟ್

ನಾರ್ಬರ್ಟ್ ಗ್ವಿಜ್ಡಾಲಾ ಹದಿನೆಂಟನೆಯ ವಯಸ್ಸಿನಿಂದ ನಲವತ್ತೊಂಬತ್ತರವರೆಗೆ ಕಾರುಗಳಿಗೆ ಎಡಬಾಗಿಲು ಕೂರಿಸಿದ. ಬಲಬಾಗಿಲು ಕೂರಿಸುತ್ತಿದ್ದವನು ಬೇರೆ. ಮೂವತ್ತೊಂದು ವರ್ಷಗಳಲ್ಲಿ ಒಂದೇ ಒಂದು ಬಲಬಾಗಿಲನ್ನೂ ತಾನು ಮುಟ್ಟಿಲ್ಲವೆಂದು ಹೇಳುವಾಗ ಅವನ ಮುಖದಲ್ಲಿ ಏಕಪತ್ನೀವ್ರತಸ್ಥನ ಗತ್ತು ಇರುತ್ತದೆ. ಮಿಷಿಗನ್ನಿನ ನಮ್ಮ ಊರಿನಲ್ಲಿ ಆ ಕಾರ್ಖಾನೆ ಈಗಿಲ್ಲ. ಅದಿದ್ದ ಜಾಗದಲ್ಲಿ ತಂತಿಬೇಲಿ, ಬೇಲಿಯೊಳಗೆ ಮೊಣಕಾಲುದ್ದ ಹುಲ್ಲು, ಹುಲ್ಲಿನಲ್ಲಿ ಬಾತುಕೋಳಿಗಳು. ಆದರೆ ನಾರ್ಬರ್ಟ್ ಇದ್ದಾನೆ. ಯಾರದೋ ಮದುವೆಯಲ್ಲಿ ವಧುವನ್ನು ಕರೆತಂದ ಉದ್ದನೆಯ ಕಾರಿನ ಬಾಗಿಲನ್ನು ಮೂರು ಸಲ ತೆರೆದು ಮುಚ್ಚಿ, "ಕೀಲು ಇಳಿದುಬಿಟ್ಟಿದೆ" ಎಂದು ವಧುವಿನ ತಂದೆಗೆ ಸಂತಾಪ ಸೂಚಿಸಿದ ಮಹಾನುಭಾವ ಇವನೇ.

ದೇವರು ಅವನಿಗೆ ಕೊಟ್ಟ ಇನ್ನೊಂದು ಪ್ರತಿಭೆ ಹೊಟ್ಟೆಕಿಚ್ಚು. ನನ್ನ ಹಿತ್ತಲಿನ ಟೊಮೇಟೊ ಅವನದಕ್ಕಿಂತ ಮೂರು ದಿನ ಮೊದಲು ಕೆಂಪಾದ ವರ್ಷ ಅವನು ಸೆಪ್ಟೆಂಬರಿನವರೆಗೂ ಬೇಲಿಯ ಹತ್ತಿರ ಬರಲಿಲ್ಲ. ಬಂದಾಗಲೂ, "ಬೇಗ ಹಣ್ಣಾದವು ಬೇಗ ಕೊಳೀತಾವೆ" ಎಂದಷ್ಟೇ ಹೇಳಿ ಹೋದ.

ಇಂಥವನಿಗೆ ಒಬ್ಬನೇ ಒಬ್ಬ ಗೆಳೆಯ, ಡೆಲ್ಮರ್ ಯೋಸ್ಟ್. ನಮ್ಮ ಬೀದಿಯ ಕೊನೆಯ ಮನೆಯವನು, ನಿವೃತ್ತ ಅಂಚೆಯವನು. ನಾಯಿಗಳಿಂದ ಕಚ್ಚಿಸಿಕೊಂಡೂ ಕಚ್ಚಿಸಿಕೊಂಡೂ ಮನುಷ್ಯರ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆಸಿಕೊಂಡವನು. ಅವನು ಒಂದು ಶರತ್ಕಾಲದಲ್ಲಿ ಹಳ್ಳಿಯೊಂದರ ಕೊಟ್ಟಿಗೆಯಿಂದ ೧೯೬೯ರ ವಲ್ಕನ್ ಕಾರೊಂದನ್ನು ಎಳೆಸಿಕೊಂಡು ಬಂದ. ಎರಡು ಬಾಗಿಲು, ಎಂಟು ಸಿಲಿಂಡರು. ಒಂದು ಕಾಲದಲ್ಲಿ ಅದು ಬೀದಿಯಲ್ಲಿ ಗುಡುಗಿದರೆ ತಾಯಂದಿರು ಹೆಣ್ಣುಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಈಗ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಮೊಟ್ಟೆಗೆ ಕೂತಿತ್ತು.

ನಾರ್ಬರ್ಟ್ ಬಂದು ನೋಡಿದ. ಮಂಡಿಯೂರಿ, ಬಾಗಿಲ ಚೌಕಟ್ಟಿನ ತಗಡಿನ ಬಿಲ್ಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ಓದಿದ. ನಮ್ಮೂರ ಕಾರ್ಖಾನೆ. ಮೇ ತಿಂಗಳು, ಎರಡನೆಯ ವಾರ. ಎದ್ದು ನಿಂತು ಘೋಷಿಸಿದ: "ಡೆಲ್ಮರ್, ಈ ಎಡಬಾಗಿಲು ಕೂರಿಸಿದ್ದು ನಾನು."

"ಹೇಗೆ ಹೇಳ್ತೀಯ?"

"ಆ ವಾರ ನಾನು ಒಂದು ದಿನಾನೂ ರಜಾ ಹಾಕಿಲ್ಲ. ಬಾಗಿಲೊಳಗೆ ನನ್ನ ಮೀನು ಇರತ್ತೆ ನೋಡು ಬೇಕಾದ್ರೆ."

ಮೀನಿನ ಸಂಗತಿ ಇಷ್ಟೆ. ಬಾಗಿಲು ಕೂರಿಸಿದವನು ಅದರ ಒಳತಗಡಿನ ಮೇಲೆ ಮೇಣದ ಬಳಪದಿಂದ ತನ್ನ ಗುರುತು ಹಾಕಬೇಕಿತ್ತು. ಬಾಗಿಲು ಮುಂದೆ ಗಡಗಡ ಎಂದರೆ ಯಾರಿಗೆ ಬಯ್ಯಬೇಕೆಂದು ಮೇಸ್ತ್ರಿಗೆ ತಿಳಿಯಲಿ ಅಂತ. ಗುರುತಿನ ಮೇಲೆ ಡಾಂಬರು ಕಾಗದ ಅಂಟಿಸಿ, ಅದರ ಮೇಲೆ ಹೊದಿಕೆ ಕೂರಿಸಿದರೆ ಆಮೇಲೆ ಅದನ್ನು ಕಾಣುವವರಿಲ್ಲ. ನಾರ್ಬರ್ಟನ ಗುರುತು ಮೀನು, ಹಗಲು ಪಾಳಿಯ ಹಳದಿ ಬಳಪದಲ್ಲಿ. ಹಳೆಯ ಕಾರುಗಳನ್ನು ಹೊಸತು ಮಾಡುವ ಹುಚ್ಚರಿಗೆ ಈ ಗುರುತುಗಳೆಂದರೆ ಶಿಲಾಶಾಸನ. ಅವನ್ನು ಒರೆಸುವುದು ಮಹಾಪಾಪ. ಪ್ರದರ್ಶನದಲ್ಲಿ ತೀರ್ಪುಗಾರರು ಅವಕ್ಕೆ ಅಂಕ ಕೊಡುತ್ತಾರೆ.

ಡೆಲ್ಮರನ ಕಣ್ಣು ಒದ್ದೆಯಾಯಿತು. ಆಗಸ್ಟಿನ ಪ್ರದರ್ಶನಕ್ಕೆ ಕಾರು ಸಿದ್ಧವಾದ ದಿನ ಅದರ ಮುಂದಿಡುವ ಫಲಕದಲ್ಲಿ ಹೀಗೆ ಬರೆಸುತ್ತೇನೆಂದು ಅಲ್ಲೇ ಮಾತು ಕೊಟ್ಟ: ಎಡಬಾಗಿಲು, ೧೯೬೯ರಲ್ಲಿ ಕೂರಿಸಿದವರು ನಾರ್ಬರ್ಟ್ ಗ್ವಿಜ್ಡಾಲಾ, ಮತ್ತೆ ಕೂರಿಸಿದವರೂ ಅವರೇ. ಅಂದಿನಿಂದ ಆ ಫಲಕವೇ ನಾರ್ಬರ್ಟನ ಸಿಂಹಾಸನ. ಊರಿನ ಫಿಶ್ ಫ್ರೈ ಊಟಕ್ಕೆ ಹೋದರೆ ಮೀನು ಬಡಿಸುವವಳಿಗೂ ಅದರ ವರದಿ ಒಪ್ಪಿಸುತ್ತಿದ್ದ.

ಎರಡು ಚಳಿಗಾಲ ಇಬ್ಬರೂ ಗ್ಯಾರೇಜಿನಲ್ಲಿ ಹೀಟರಿನ ಮುಂದೆ ತುಕ್ಕಿನೊಡನೆ ಮಹಾಯುದ್ಧ ಮಾಡಿದರು. ತಿರುಗದ ಬೋಲ್ಟುಗಳಿಗೆ ಎಣ್ಣೆ ಕುಡಿಸಿದರು, ಕುಡಿಸಿಯೂ ತಿರುಗದವಕ್ಕೆ ನಾರ್ಬರ್ಟನ ಅಜ್ಜಂದಿರ ಪೋಲಿಷ್ ಭಾಷೆಯಲ್ಲಿ ಬೈದರು. ಎಡಬಾಗಿಲನ್ನು ಮಾತ್ರ ನಾರ್ಬರ್ಟ್ ಕಳಚಿ, ಕಂಬಳಿ ಸುತ್ತಿ, ಗೋಡೆಗೆ ಒರಗಿಸಿಟ್ಟ. "ಅದು ಕೊನೆಗೆ" ಎಂದ. ಬಲಬಾಗಿಲನ್ನು ಅವನು ಮುಟ್ಟಲೇ ಇಲ್ಲ. ಡೆಲ್ಮರ್ ಪಾಪ ಪುಸ್ತಕ ನೋಡಿಕೊಂಡು, ಮೊಣಕೈ ತರಚಿಕೊಂಡು, ತಾನೇ ಕೂರಿಸಿದ.

ಮೂರನೆಯ ಚಳಿಗಾಲದಲ್ಲಿ ಶನಿ ಪ್ರವೇಶಿಸಿದ. ಕಾರಿನ ತಳ ಪೂರ್ತಿ ತುಕ್ಕು ಹಿಡಿದು ತಿಂದುಹೋಗಿತ್ತು, ಇವರಿಬ್ಬರಿಗೂ ಬೆಸುಗೆ ಬಾರದು. ಡೆಲ್ಮರ್ ಎಲ್ಲಿಂದಲೋ ಹಾಲಿಸ್ ಟ್ಯಾಕೆಟ್ ಎಂಬ ಉದ್ದನೆಯ, ನಿಧಾನದ ಮನುಷ್ಯನನ್ನು ಕರೆತಂದ. ಕೆಂಟಕಿಯಿಂದ ಬಂದು ನೆಲೆಸಿದವನು. ಅವನು ಬೆಸುಗೆ ಹಾಕಿದರೆ ಗೆರೆ ಹೊಲಿಗೆಯಂತಿರುತ್ತಿತ್ತು. ಮೇಲಾಗಿ ಹೆಂಡತಿ ಮಾಡಿದ ಜೋಳದ ಬ್ರೆಡ್ಡು ಬೇರೆ ತರುತ್ತಿದ್ದ.

"ನೀನೂ ಕಾರ್ಖಾನೇಲಿ ಇದ್ದವನಂತೆ?" ಎಂದು ಡೆಲ್ಮರ್ ಕೇಳಿದ.

"ಹೂಂ. ರಾತ್ರಿ ಪಾಳಿ. ಎಡಬಾಗಿಲು."

ನಾರ್ಬರ್ಟನ ಕಾಫಿ ಮೂಗಿಗೆ ಏರಿತು. ಇವನೇ! ಅದೇ ಜಾಗ, ಅದೇ ಸುತ್ತಿಗೆ. ಪಾಳಿ ಬದಲಾಗುವಾಗ ಊಟದ ಡಬ್ಬಿ ಹಿಡಿದ ಒಂದು ಬೆನ್ನನ್ನಷ್ಟೇ ನಾರ್ಬರ್ಟ್ ನೋಡಿದ್ದ, ಆದರೆ ಆ ಬೆನ್ನನ್ನು ಮನಸಾರೆ ದ್ವೇಷಿಸಿದ್ದ. ಏಕೆಂದರೆ ಮೇಸ್ತ್ರಿ ಪ್ರತಿದಿನ ಬೆಳಿಗ್ಗೆ, "ರಾತ್ರಿಯವನ ಬಾಗಿಲು ಸದ್ದೇ ಮಾಡಲ್ಲ ಕಣಯ್ಯ, ನೋಡಿ ಕಲಿ" ಎಂದು ಅವನ ಕಿವಿಗೆ ಸೀಸ ಸುರಿಯುತ್ತಿದ್ದ.

"ಈ ಬಾಗಿಲು ನಾನು ಕೂರಿಸಿದ್ದು" ಎಂದು ನಾರ್ಬರ್ಟ್ ಕಂಬಳಿಯ ಕಡೆ ಬೆರಳು ಮಾಡಿದ.

ಹಾಲಿಸ್ ಕಂಬಳಿಯನ್ನು ನೋಡಿದ, ನಾರ್ಬರ್ಟನನ್ನು ನೋಡಿದ. "ಇರಬಹುದು" ಎಂದ.

ಇಲ್ಲ ಎಂದಿದ್ದರೆ ಜಗಳವಾಡಬಹುದಿತ್ತು. ಇರಬಹುದು ಎಂದರೆ ಏನು ಮಾಡುವುದು? ಆ ಒಂದು ಮಾತು ನಾರ್ಬರ್ಟನ ಎದೆಯಲ್ಲಿ ಚಳಿಗಾಲವಿಡೀ ಮುಳ್ಳಾಗಿ ಚುಚ್ಚಿತು.

ಅಲ್ಲಿಂದ ಗ್ಯಾರೇಜಿನಲ್ಲಿ ಅವನು ಕೆಲಸ ಮಾಡಿದ್ದು ಕಡಿಮೆ, ಲೆಕ್ಕ ಇಟ್ಟದ್ದು ಹೆಚ್ಚು. ಹಾಲಿಸನ ಜೋಕಿಗೆ ಡೆಲ್ಮರ್ ನಾಲ್ಕು ಸಲ ನಕ್ಕ, ತನ್ನದಕ್ಕೆ ಒಂದು ಸಲ, ಅದೂ ಕೆಮ್ಮು ಇರಬೇಕು. ಗೋಡೆಯ ಮೊದಲನೆಯ ಮೊಳೆಯಲ್ಲಿ ತೂಗುತ್ತಿದ್ದ ತನ್ನ ಕಾಫಿ ಬಟ್ಟಲು ಈಗ ಎರಡನೆಯ ಮೊಳೆಯಲ್ಲಿದೆ. ಡೆಲ್ಮರನ ಮುದಿ ನಾಯಿ, ಇಷ್ಟು ವರ್ಷ ತನ್ನ ಬೂಟಿನ ಮೇಲೆ ಗದ್ದ ಇಟ್ಟು ಮಲಗುತ್ತಿದ್ದುದು, ಈಗ ಜೋಳದ ಬ್ರೆಡ್ಡಿನ ಕಡೆಗೆ ಪಕ್ಷಾಂತರ ಮಾಡಿದೆ.

"ಆ ನಾಯಿಗೆ ನಿಯತ್ತಿಲ್ಲ" ಎಂದು ಬೇಲಿಯಾಚೆಯಿಂದ ನನಗೆ ದೂರು ಕೊಟ್ಟ.

"ನೀನೂ ಒಂಚೂರು ಸಾಸೇಜು ಹಾಕಿ ನೋಡು" ಎಂದೆ.

"ಲಂಚ ಕೊಟ್ಟು ಪ್ರೀತಿ ತಗೊಳ್ಳೋ ಜಾತಿ ಅಲ್ಲ ನಾನು" ಎಂದ. ಮರುದಿನ ಅವನ ಕೋಟಿನ ಜೇಬಿಂದ ಬೆಳ್ಳುಳ್ಳಿ ಸಾಸೇಜಿನ ವಾಸನೆ ಬೀದಿಗೆಲ್ಲ ಬರುತ್ತಿತ್ತು.

ಜುಲೈ ಬಂತು. ತಳ, ಎಂಜಿನ್, ಕಿತ್ತಳೆ ಬಣ್ಣ ಎಲ್ಲ ಮುಗಿದು ಉಳಿದದ್ದು ಎಡಬಾಗಿಲೊಂದೇ. ಶನಿವಾರ ಬೆಳಿಗ್ಗೆ ಮೂವರೂ ಸೇರಿ ಅದನ್ನು ಬಿಚ್ಚುವುದೆಂದು ತೀರ್ಮಾನವಾಯಿತು. ಶುಕ್ರವಾರ ಮಧ್ಯಾಹ್ನ ಡೆಲ್ಮರ್ ಹಲ್ಲು ಕೀಳಿಸಿಕೊಳ್ಳಲು ಹೋದ. ಅವನ ಹೆಂಡತಿ ಲೋರ್ನಾ ಜೊತೆಗೆ ಹೋದಳು. ನಾರ್ಬರ್ಟ್ ಹೂಕುಂಡದ ಕೆಳಗಿನ ಬೀಗದಕೈ ತೆಗೆದು ಗ್ಯಾರೇಜಿನೊಳಗೆ ನುಗ್ಗಿದ. ಮುಂದೆ ನಡೆದದ್ದನ್ನು ಅವನೇ ನನಗೆ ಹದಿನೇಳು ಸಲ ಹೇಳಿದ್ದಾನೆ.

ಕಂಬಳಿ ಬಿಚ್ಚಿದ. ಹೊದಿಕೆ ತೆಗೆದ. ತನ್ನ ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ಡಾಂಬರಿಗೆ ಬಿಸಿ ಕೊಟ್ಟು, ಕಾಗದವನ್ನು ಗಾಯದ ಪಟ್ಟಿಯಂತೆ ಒಂದೊಂದೇ ಬೆರಳಗಲ ಬಿಡಿಸಿದ. ಬಾಲ ಕಾಣಬೇಕಿದ್ದ ಜಾಗದಲ್ಲಿ ಒಂದು ಚೂಪು ತುದಿ ಕಂಡಿತು. ನೀಲಿ. ಇನ್ನಷ್ಟು ಬಿಡಿಸಿದ. ಐದು ತುದಿ. ನೀಲಿ ನಕ್ಷತ್ರ. ರಾತ್ರಿ ಪಾಳಿಯ ನೀಲಿ ಬಳಪ.

ನಾರ್ಬರ್ಟ್ ಬಕೆಟ್ಟು ಬೋರಲು ಹಾಕಿ ಕುಳಿತುಬಿಟ್ಟ. ಮೂರು ವರ್ಷ ಊರಿಗೆಲ್ಲ ಸಾರಿದ ಮೀನು ಒಂದೇ ಕ್ಷಣದಲ್ಲಿ ಒಣಗಿಹೋಯಿತು. ಫಲಕದ ಮೇಲೆ ಇನ್ನು ಯಾರ ಹೆಸರು? ಆ ಬೆನ್ನಿನದು! ಆದರೆ ಅವನ ಬಲಗೈಯಲ್ಲಿ ಬಣ್ಣ ಕರಗಿಸುವ ತಿನ್ನರಿನಲ್ಲಿ ಅದ್ದಿದ ಬಟ್ಟೆ ಇತ್ತು, ಜೇಬಿನಲ್ಲಿ ಹಳದಿ ಬಳಪವೂ ಇತ್ತು. (ಬಳಪವನ್ನು ಏಕೆ ತಂದಿದ್ದೆ ಎಂದು ಕೇಳಿದರೆ ಹದಿನೇಳು ಸಲಕ್ಕೆ ಹದಿನೇಳು ಕಾರಣ ಹೇಳಿದ್ದಾನೆ.) ಒಂದು ಸಲ ಉಜ್ಜಿದರೆ ನಕ್ಷತ್ರ ಮುಳುಗುತ್ತದೆ, ಎರಡು ಗೆರೆ ಎಳೆದರೆ ಮೀನು ಏಳುತ್ತದೆ.

ಕೈ ಎತ್ತಿದ. ಉಜ್ಜುವುದಾದರೆ ಪೂರ್ತಿ ಉಜ್ಜೋಣವೆಂದು ಎಡಗೈಯಿಂದ ಉಳಿದ ಕಾಗದವನ್ನೂ ಎಳೆದ. ನಕ್ಷತ್ರದ ಕೆಳಗೆ ಅದೇ ನೀಲಿಯಲ್ಲಿ ಎರಡು ಸಾಲು ಇತ್ತು:

"ಹಗಲಿನ ಮೀನಪ್ಪಾ, ನಿನ್ನ ಬಾಗಿಲು ಸದ್ದೇ ಮಾಡಲ್ಲ ಅಂತ ದಿನಾ ನನ್ನ ಜೀವ ತಿಂತಾರೆ. ತಗೋ, ಇದನ್ನ ಬಡಿದು ನೋಡು."

ನಾರ್ಬರ್ಟ್ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ತಿನ್ನರಿನ ಬಟ್ಟೆಯಿಂದ ಕನ್ನಡಕ ಒರೆಸಿದ್ದರಿಂದ ಅದರ ಒಂದು ಗಾಜು ಶಾಶ್ವತವಾಗಿ ಮಂಜಾಯಿತು, ಆದರೂ ಮೂರನೆಯ ಸಲ ಓದಿದ.

ಅವನು ಜೀವಮಾನವಿಡೀ ಊರಿನ ಸಮಸ್ತರ ಮೇಲೂ ಹೊಟ್ಟೆಕಿಚ್ಚು ಪಟ್ಟಿದ್ದ. ತನ್ನ ಮೇಲೆ ಯಾರಾದರೂ ಪಟ್ಟಿರಬಹುದೆಂಬ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ಈಗ ಸಾಕ್ಷಿ ಎದುರಿಗಿದೆ, ಬರಹದಲ್ಲಿದೆ, ಕೆಂಟಕಿಯ ಕೈಬರಹದಲ್ಲಿದೆ! ಇದನ್ನು ಒರೆಸುವುದೇ? ಬಟ್ಟೆಯನ್ನು ಹಾವನ್ನು ಎಸೆದಂತೆ ದೂರ ಎಸೆದ. ನೊಣ ಕೂರದಂತೆ ಬಾಗಿಲ ಮೇಲೆ ತನ್ನ ಅಂಗಿಯನ್ನೇ ಹೊದಿಸಿ, ಬನಿಯನ್ನಿನಲ್ಲಿ ಕಾವಲು ಕುಳಿತ. ಡೆಲ್ಮರ್ ಕೆನ್ನೆ ಊದಿಸಿಕೊಂಡು ಬಂದಾಗ ಕಂಡದ್ದು ಈ ದೃಶ್ಯ.

ಮರುದಿನ ಹಾಲಿಸ್ ಬಂದ. ನಾರ್ಬರ್ಟ್ ಅಂಗಿ ಸರಿಸಿದ. ಹಾಲಿಸನ ಉದ್ದನೆಯ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರುತ್ತ ಹೋಯಿತು.

"ನಾನು ಸೋತೆ" ಎಂದ ನಾರ್ಬರ್ಟ್, ಗೆದ್ದವನ ದನಿಯಲ್ಲಿ. "ಬಾಗಿಲು ನಿಂದೇ. ಆದ್ರೆ ಇದನ್ನ ಸ್ವಲ್ಪ ಗಟ್ಟಿಯಾಗಿ ಓದು ಗುರು. ಡೆಲ್ಮರ್‌ಗೆ ಕಿವಿ ಮಂದ."

"ನನ್ನ ಕಿವಿ ಚೆನ್ನಾಗೇ ಇದೆ" ಎಂದ ಡೆಲ್ಮರ್.

"ಅಯ್ಯೋ, ಹುಡುಗಾಟದ ವಯಸ್ಸು ಮಾರಾಯ" ಎಂದು ಹಾಲಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನೀನೇನೋ ದೊಡ್ಡ ವಿಷಯ ಅಂತ ತಿಳ್ಕೋಬೇಡ. ಇದೊಂದಕ್ಕೇ ಬರೆದಿದ್ದಲ್ಲ. ದಿನಾ ರಾತ್ರಿ ಯಾವುದಾದ್ರೂ ಒಂದು ಬಾಗಿಲಿಗೆ ಬರೀತಿದ್ದೆ."

"ದಿನಾ?"

"ಹೂಂ. ದಿನಾ."

"ಎಷ್ಟು ವರ್ಷ?"

"ಒಂದಾರು ವರ್ಷ ಇರಬಹುದು."

ಈ ಸಲದ 'ಇರಬಹುದು' ನಾರ್ಬರ್ಟನ ಕಿವಿಗೆ ಮಂಗಳವಾದ್ಯದಂತೆ ಕೇಳಿಸಿತು. ಅವನು ಬಕೆಟ್ಟಿನ ಮೇಲೆ ಮತ್ತೆ ಕುಳಿತು, ದೇಶದ ಉದ್ದಗಲಕ್ಕೂ, ಗುಜರಿಗಳಲ್ಲಿ, ಕೊಟ್ಟಿಗೆಗಳಲ್ಲಿ, ತನ್ನ ಕೀರ್ತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತುಕ್ಕು ಹಿಡಿಯುತ್ತಿರುವ ಸಾವಿರಾರು ಬಾಗಿಲುಗಳನ್ನು ಕಣ್ಣುಮುಚ್ಚಿ ಕಂಡ. ನಾಯಿ ಬಂದು ಅವನ ಬೂಟಿನ ಮೇಲೆ ಗದ್ದ ಇಟ್ಟಿತು. ಅದನ್ನೂ ಗಮನಿಸಲಿಲ್ಲ.

ಆಗಸ್ಟಿನಲ್ಲಿ ವಲ್ಕನ್ ಪ್ರದರ್ಶನದ ಮೈದಾನಕ್ಕೆ ಗುಡುಗುತ್ತ ಹೋಯಿತು. ಎಡಬಾಗಿಲ ಹೊದಿಕೆ ತೆಗೆದಿಟ್ಟು ಗುರುತು ಕಾಣುವಂತೆ ಮಾಡಿದ್ದರು. ಫಲಕದಲ್ಲಿ ಡೆಲ್ಮರ್ ನ್ಯಾಯವಾಗಿ ಬರೆಸಿದ್ದ: ಎಡಬಾಗಿಲು, ೧೯೬೯ರಲ್ಲಿ ಹಾಲಿಸ್ ಟ್ಯಾಕೆಟ್, ೨೦೧೪ರಲ್ಲಿ ನಾರ್ಬರ್ಟ್ ಗ್ವಿಜ್ಡಾಲಾ. ನಾರ್ಬರ್ಟ್ ಉಕ್ಕಿನ ಅಳತೆಪಟ್ಟಿ ತಂದು ಎರಡು ಹೆಸರಿನ ಅಕ್ಷರಗಳ ಎತ್ತರ ಅಳೆದ. ಸಮ ಇತ್ತು. ಆಮೇಲೆ ದಿನವಿಡೀ ಬಾಗಿಲ ಪಕ್ಕ ನಿಂತು, ಬಂದವರಿಗೆಲ್ಲ ಮೀನಿನ ಗಾಳದ ಕೋಲಿನಿಂದ ತೋರಿಸಿದ: "ಇಲ್ಲಿ 'ಮೀನಪ್ಪ' ಅಂತ ಇದೆಯಲ್ಲ, ಅದು ನಾನು."

ತೀರ್ಪುಗಾರ್ತಿ ತೆಳ್ಳನೆಯ ಹೆಂಗಸು. ಟಾರ್ಚು ಬಿಟ್ಟು ನಕ್ಷತ್ರ ನೋಡಿ ಮೆಚ್ಚಿದಳು. ಟಾರ್ಚು ಇನ್ನೂ ಸ್ವಲ್ಪ ಕೆಳಗೆ ಇಳಿಯಿತು.

"ಇದೇನು, ಹಳದಿ ಅಕ್ಷರ?"

ಡೆಲ್ಮರ್ ಬಗ್ಗಿ ನೋಡಿದ. ಅವನಿಗೂ ಗೊತ್ತಿರಲಿಲ್ಲ. ನೀಲಿ ಸಾಲುಗಳ ಕೆಳಗೆ, ಹೊಚ್ಚಹೊಸ ಹಳದಿ ಬಳಪದಲ್ಲಿ ಒಂದು ಮೀನು, ಮೀನಿನ ಬಾಯ ಮುಂದೆ ಒಂದು ಸಾಲು: "ಬಡಿದು ನೋಡಿದೆ. ಗಡಗಡ ಅನ್ನುತ್ತೆ."

"ಇದು ಕಾರ್ಖಾನೆಯ ಗುರುತಲ್ಲ" ಎಂದಳು ತೀರ್ಪುಗಾರ್ತಿ.

"ಕಾರ್ಖಾನೇದೇ ಕಣಮ್ಮ. ಹಗಲಿನ ಪಾಳಿ" ಎಂದ ನಾರ್ಬರ್ಟ್. "ನಲವತ್ತೈದು ವರ್ಷ ತಡವಾಗಿ ಬಂದಿದೀನಿ ಅಷ್ಟೆ."

ಎರಡು ಅಂಕ ಕಡಿತವಾಯಿತು. ಮೊದಲನೆಯ ಬಹುಮಾನ ಒಂದು ಅಂಕದಿಂದ ತಪ್ಪಿತು. ಡೆಲ್ಮರ್, ನಾಯಿಗಳು ಕಚ್ಚಿದಾಗಲೂ ದನಿ ಎತ್ತದ ಡೆಲ್ಮರ್, ಆ ಸಂಜೆ ಮೈದಾನದಲ್ಲಿ ನಾರ್ಬರ್ಟನಿಗೆ ಬೈದದ್ದನ್ನು ಕೇಳಲು ಪಕ್ಕದ ಸಾಲಿನವರೂ ಕುರ್ಚಿ ತಂದು ಕುಳಿತರು.

ವಾಪಸು ಬರುವಾಗ ಮುಂದಿನ ಸೀಟು ಲೋರ್ನಾಳದ್ದು. ಅದರ ಮೇಲೆ ಮೂರು ವರ್ಷ ಕಣ್ಣಿಟ್ಟಿದ್ದ ನಾರ್ಬರ್ಟ್, ಹಿಂದೆ, ಒಂದು ಕಾಲದಲ್ಲಿ ಕೋಳಿ ಕೂತಿದ್ದ ಜಾಗದಲ್ಲಿ, ಹಾಲಿಸನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತ. ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಡೆಲ್ಮರ್ ಸಿಟ್ಟಿನಿಂದ ವೇಗ ಹೆಚ್ಚಿಸಿದ.

ಗಡ್. ಗಡಗಡ್.

ನಾರ್ಬರ್ಟನ ಮುಖ ಬೆಳಗಿತು. "ಕೇಳಿಸ್ತಾ? ಕೇಳಿಸ್ತೇನೋ ಹಾಲಿಸ್? ನಾನು ಬರೆದಿದ್ದು ಸುಳ್ಳಾ? ಇದೇ ನೋಡು ನಿಮ್ಮ ರಾತ್ರಿ ಪಾಳಿ ಕೆಲಸ!"

ಹಾಲಿಸ್ ತನ್ನ ಎಂದಿನ ನಿಧಾನದಲ್ಲಿ ಯೋಚಿಸಿದ. "ಈ ಸಲ ಅದನ್ನ ಕೂರಿಸಿದ್ದು ನೀನು, ಮೀನಪ್ಪ" ಎಂದ.

ಅರ್ಧ ಮೈಲಿಯವರೆಗೆ ನಾರ್ಬರ್ಟ್ ತಲೆಯನ್ನು ಒಂದು ಕಡೆಗೆ ವಾಲಿಸಿ, ಮತ್ತೊಂದು ಕಡೆಗೆ ವಾಲಿಸಿ, ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಕಿವಿಗೆ ತಂದುಕೊಂಡು ಆಲಿಸಿದ.

"ಅದು ಬಲಬಾಗಿಲು" ಎಂದ.

ಹಾಲಿಸ್ ಕೂಡ ಕಿವಿಗೊಟ್ಟ. "ಹೌದು ಕಣೋ" ಎಂದ. "ಬಲಗಡೇದೇ."

"ಬಲಗಡೇದು ನಾನು ಕೂರಿಸಿದ್ದು ಕಣ್ರೋ!" ಎಂದು ಡೆಲ್ಮರ್ ಮುಂದಿನಿಂದ ಕಿರುಚಿದ.

"ಅದೇ ಮತ್ತೆ" ಎಂದರು ಹಿಂದಿನ ಸೀಟಿನವರು, ಇಬ್ಬರೂ ಒಟ್ಟಿಗೆ.