ಯೂನಿಯನ್ ಸಿಟಿ ದಾಟಿದ ಮೇಲೆ

ದೆವ್ವ, ಬೇರೆ ಲೋಕ ಎಂದರೆ ನಗುತ್ತಿದ್ದವನು ನಾನು. ಹೈಸ್ಕೂಲಿನಲ್ಲಿದ್ದಾಗ ಪಂದ್ಯ ಕಟ್ಟಿ ಸ್ಮಶಾನದ ಗೋಡೆಯ ಮೇಲೆ ಕೂತು ಕಡಲೆಕಾಯಿ ತಿಂದು ಬಂದಿದ್ದೆ. ಅಂಥವನು ಹೇಳುವ ಮಾತಿದು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗಂತೂ ಹೇಳಿ ಮುಗಿಸಬೇಕಾಗಿದೆ.

ಎಂಬತ್ತರ ದಶಕದ ನಡುಗಾಲ. ಬರ್ಕ್ಲಿಯ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ, ಫ್ರೀಮಾಂಟಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಲ್ಲಿ ನಾನು ಕಂಡ ಕನ್ನಡಿಗರೆಲ್ಲ ಇಂಜಿನಿಯರುಗಳು, ಡಾಕ್ಟರುಗಳು. ಕನ್ನಡದವನೆಂದು ತಿಳಿದರೆ ಮೊದಲ ಪ್ರಶ್ನೆ ಯಾವೂರು, ಎರಡನೆಯದು ಎಲ್ಲಿ ಕೆಲಸ. ಆ ಎರಡನೆಯದಕ್ಕೆ ಹೆದರಿ, ಗ್ರೋಸರಿ ಅಂಗಡಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಬಾರದವನಂತೆ ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ.

ಚಳಿಗಾಲದ ಒಂದು ಸಂಜೆ ಕೆಲಸ ಮುಗಿಸಿ ರೈಲು ಹತ್ತಿದೆ. ಹೊರಗೆ ದಟ್ಟ ಮಂಜು. ಎದುರಿನ ಸೀಟಿನಲ್ಲಿ ಸೀರೆಯ ಮೇಲೆ ಗಂಡಸರ ಕೋಟು ತೊಟ್ಟ ಒಬ್ಬ ಅಜ್ಜಿ, ತೊಡೆಯ ಮೇಲೆ ಬಟ್ಟೆಯ ಚೀಲ. ನನ್ನ ಪಕ್ಕದಲ್ಲೊಬ್ಬ ಯುವಕ ದಪ್ಪನೆಯ ಜಪಾನಿ ಚಿತ್ರಕಥೆಯ ಪುಸ್ತಕ ಓದುತ್ತಿದ್ದ. ಅಕ್ಷರ ನನಗೆ ತಿಳಿಯದು, ಚಿತ್ರ ಯಾರಿಗಾದರೂ ತಿಳಿಯುತ್ತದೆ. ಪುಟದಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದ ನಾಲ್ಕಾರು ಜನ ರೈಲಿನಲ್ಲಿ ಕೂತಿದ್ದಾರೆ. ಹೆಸರಿಲ್ಲದ ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತದೆ. ಇಳಿದವರಿಗೆ ಮುಂದಿನ ಚಿತ್ರದಲ್ಲಿ ಮುಖವೇ ಇಲ್ಲ, ಬರೀ ಬಿಳಿ ಕಾಗದ. ಕದ್ದು ನೋಡುತ್ತ ಕೂತೆ.

ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಬಾಯಿಬಿಟ್ಟರು.

"ಕನ್ನಡ ಬರುತ್ತೇನಪ್ಪಾ? ಮೊಮ್ಮಗಳು ರೈಲು ಹತ್ತಿಸಿ ಹೋಗ್ಬಿಟ್ಳು. ಮಗಳು ಫ್ರೀಮಾಂಟಲ್ಲಿ ಕಾಯ್ತಿರ್ತಾಳೆ. ಆ ಸ್ಟೇಷನ್ ಬಂದಾಗ ಒಂಚೂರು ಹೇಳ್ತೀಯಾ?"

ತಿಳಿಯದವನಂತೆ ತಲೆಯಾಡಿಸಿ ಕಿಟಕಿಯತ್ತ ತಿರುಗಿದೆ.

"ಮುಖ ನೋಡಿದ್ರೆ ನಮ್ಮೋನ ಥರಾನೇ ಇದಾನೆ," ಎಂದು ತಮಗೆ ತಾವೇ ಹೇಳಿಕೊಂಡರು.

ಯೂನಿಯನ್ ಸಿಟಿ ದಾಟಿತು. ಮುಂದಿನದು ಫ್ರೀಮಾಂಟ್, ಅದೇ ಕೊನೆಯ ನಿಲ್ದಾಣ. ನಡುವೆ ಸ್ಟೇಷನ್ನೇ ಇಲ್ಲ, ದಿನವೂ ಓಡಾಡುವ ನನಗೆ ಅದು ಗೊತ್ತು. ಆದರೂ ರೈಲು ನಿಂತಿತು. ಬಾಗಿಲು ತೆರೆಯಿತು. ಹೊರಗೆ ಒಂದು ಪ್ಲಾಟ್‌ಫಾರ್ಮು, ಮಬ್ಬು ದೀಪ, ಬೆನ್ನು ತಿರುಗಿಸಿ ನಿಂತ ಕೆಲವರು. ಫಲಕವಿತ್ತು, ಅದರ ಮೇಲೆ ಹೆಸರಿರಲಿಲ್ಲ.

"ಇದೇನಾ ಫ್ರೀಮಾಂಟು?" ಅಜ್ಜಿ ಎದ್ದು ನಿಂತು ನನ್ನನ್ನೇ ಕೇಳಿದರು.

ಅಲ್ಲ ಎಂದರೆ ಸಾಕಿತ್ತು. ಜಾಕೆಟ್ಟಿನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತೆ. ಅವರು ಇಳಿದರು. ಬಾಗಿಲು ಮುಚ್ಚಿ ರೈಲು ಹೊರಟಿತು.

ಪಕ್ಕದವನು ಪುಟ ತಿರುವಿದ. ಚಿತ್ರದಲ್ಲಿ ಚೀಲ ಹಿಡಿದ ಮುದುಕಿಯೊಬ್ಬಳು ಪ್ಲಾಟ್‌ಫಾರ್ಮಿನಲ್ಲಿದ್ದಾಳೆ. ರೈಲಿನ ಬಾಗಿಲಿನಿಂದ ಚೌಕಳಿ ಜಾಕೆಟ್ಟಿನ ಗಂಡಸೊಬ್ಬ ಅವಳತ್ತ ಕೈ ಚಾಚಿದ್ದಾನೆ. ಅವನಿಗೆ ಮುಖವಿಲ್ಲ. ನಾನು ತೊಟ್ಟಿದ್ದೂ ಚೌಕಳಿಯ ಜಾಕೆಟ್ಟೇ. ಯುವಕ ಒಮ್ಮೆ ನನ್ನ ಜಾಕೆಟ್ಟನ್ನು ನೋಡಿದ, ಪುಸ್ತಕ ಮುಚ್ಚಿದ, ಎದ್ದು ಬೇರೆ ಸೀಟಿಗೆ ಹೋದ.

ಫ್ರೀಮಾಂಟಿನಲ್ಲಿ ಇಳಿದೆ. ಸ್ಟೇಷನ್ನಿನವರಿಗೆ ತಿಳಿಸಬೇಕು, ಏನೆಂದು ತಿಳಿಸಲಿ ಎಂದು ಯೋಚಿಸುತ್ತಿದ್ದಾಗ ಹಿಂದಿನಿಂದ ಯಾರೋ ತೋಳು ಮುಟ್ಟಿದರು. ಅದೇ ಅಜ್ಜಿ. ಅವರ ಖಾಲಿ ಸೀಟನ್ನು ಅಲ್ಲಿಯವರೆಗೂ ನೋಡುತ್ತ ಬಂದವನು ನಾನು.

"ಕಳ್ಳ, ಬರಲ್ಲ ಅಂತ ತಲೆಯಾಡಿಸ್ದೆಯಲ್ಲ. 'ಅಮ್ಮಾ, ಇದಲ್ಲ, ಹತ್ತಿ' ಅಂತ ಎಷ್ಟು ಚೆನ್ನಾಗಿ ಕೂಗ್ದೆ. ಕೈ ಹಿಡಿದು ಎಳ್ಕೊಳ್ದೇ ಹೋಗಿದ್ರೆ ನಾನು ಅಲ್ಲೇ ಉಳೀತಿದ್ದೆ. ಕೈ ಮಾತ್ರ ಮಂಜುಗಡ್ಡೆ ಕಣಪ್ಪ ನಿಂದು. ಏನಾದ್ರೂ ತಿಂದ್ಯಾ?"

ಚೀಲದಿಂದ ಕೋಡುಬಳೆಯ ಪೊಟ್ಟಣ ತೆಗೆದು ಕೊಟ್ಟರು. ಎಲ್ಲಿ ಕೆಲಸ ಎಂದು ಕೇಳಲೇ ಇಲ್ಲ.

ನಾನಲ್ಲಮ್ಮ ಎನ್ನಬಹುದಿತ್ತು. "ಪರವಾಗಿಲ್ಲಮ್ಮ," ಎಂದೆ. ಅವರೊಡನೆ ನಾನಾಡಿದ ಮೊದಲ ಕನ್ನಡದ ಮಾತು ಅದು. ಅದೂ ಸುಳ್ಳು.

ಅವರನ್ನು ಹತ್ತಿಸಿಕೊಂಡು ಮಗಳ ಕಾರು ಹೋದ ಮೇಲೆ ಅಲ್ಲೇ ನಿಂತು, ಜೇಬಿನಿಂದ ಕೈ ತೆಗೆದು ಕೆನ್ನೆಗೆ ಒತ್ತಿ ನೋಡಿದೆ. ಬೆಚ್ಚಗಿತ್ತು.

ಆ ಅಜ್ಜಿಯನ್ನು ಮತ್ತೆ ನೋಡಲಿಲ್ಲ. ಅದೇ ದಾರಿಯಲ್ಲಿ ಎಷ್ಟೋ ವರ್ಷ ಓಡಾಡಿದೆ, ಆ ಸ್ಟೇಷನ್ನೂ ಮತ್ತೆ ಕಾಣಲಿಲ್ಲ. ಅವರನ್ನು ಎಳೆದುಕೊಂಡ ಕೈ ಯಾರದೋ ಇವತ್ತಿಗೂ ತಿಳಿಯದು. ನನ್ನದಲ್ಲ ಎಂಬುದಷ್ಟೇ ಗೊತ್ತು. ಕೋಡುಬಳೆಯನ್ನು ಮಾತ್ರ ನಾನೇ ತಿಂದೆ.