ಮರಳಿನಲ್ಲಿ ಕಲಿತ ಹಿಮವಿದ್ಯೆ

ನಮ್ಮ ಮಂಗಳೂರಿನವರ ಕೂಟದಲ್ಲಿ ಕುವೈತಿಗೆ ಮೊದಲು ಬಂದವರಿಗೆ ಎಲ್ಲವೂ ಗೊತ್ತಿರುತ್ತದೆ. ನನ್ನ ಅಕ್ಕನ ಗಂಡ, ಶರ್ಕ್‌ನ ಆಫೀಸೊಂದರ ಮ್ಯಾನೇಜರ್, ಎಲ್ಲರಿಗಿಂತ ಮೊದಲು ಬಂದವರು. ಹಾಗಾಗಿ ಹಿಮದ ವಿಷಯದಲ್ಲೂ ಭಾವನದ್ದೇ ಕೊನೆಯ ಮಾತು.

ಇಕಾಮಾ, ಅಂದರೆ ಕುವೈತಿನ ವಾಸದ ಪರವಾನಗಿ, ಇದ್ದವರಿಗೆ ಜಾರ್ಜಿಯಾಕ್ಕೆ ವೀಸಾ ಬೇಡ ಎಂದು ತಿಳಿದದ್ದೇ ಅವರಿಗೆ ಹಿಮದ ಮೇಲೆ ಜಾರುವ ಸ್ಕೀ ಹುಚ್ಚು ಹತ್ತಿತು. ಕಾಲೇಜು ಓದುವ ಮಗಳನ್ನೂ ನನ್ನನ್ನೂ ಎಳೆದುಕೊಂಡು ಅಲ್ಲಿನ ರೆಸಾರ್ಟಿನಲ್ಲಿ ಬಿದ್ದು ಎದ್ದು ಕಲಿತದ್ದಾಯಿತು. ಮರುವರ್ಷ ಲಿಫ್ಟ್ ಇಲ್ಲದ ಬೆಟ್ಟವನ್ನು ಸ್ಕೀ ಕಟ್ಟಿಕೊಂಡೇ ಹತ್ತಿ ಇಳಿಯಬೇಕೆಂಬ ಹಟ. ತಯಾರಿ ಎಲ್ಲಿ? ಕುವೈತಿನ ಮರುಭೂಮಿಯಲ್ಲಿ, ಚಳಿಗಾಲಕ್ಕೆ ನಮ್ಮ ಕೂಟದವರು ಹಾಕಿದ ಟೆಂಟಿನ ಪಕ್ಕ. ಹಿಮದಡಿ ಹೂತುಹೋದವರನ್ನು ಹುಡುಕಲು ಸಿಗ್ನಲ್ ಕೊಡುವ ಯಂತ್ರವೊಂದನ್ನು ಮರಳಲ್ಲಿ ಹೂತು, ಅಂಥದ್ದೇ ಇನ್ನೊಂದನ್ನು ಮಗಳ ಕೈಗೆ ಕೊಟ್ಟು ಹುಡುಕಿಸಿ, ಭಾಷಣ ಶುರು ಮಾಡಿದರು.

"ಗಾಳಿ ಹೊಡೆದ ಮರಳು ಗಟ್ಟಿ, ಜೀಪು ಆರಾಮಲ್ಲಿ ಹೋಗ್ತದೆ. ಸಡಿಲ ಉಂಟಾ, ಖಲಾಸ್. ಹಿಮವೂ ಅಷ್ಟೇ ಮಾರಾಯ."

ನಾವೆಲ್ಲ ತಲೆಯಾಡಿಸಿದೆವು. ಬಿರಿಯಾನಿ ಅವರದ್ದಾಗಿತ್ತು.

ಜಾರ್ಜಿಯಾದ ಬೆಟ್ಟದಲ್ಲಿ ಗೈಡ್ ಹಿಮವನ್ನು ಕಂಬದಂತೆ ಕಡಿದು, ಮೇಲೆ ಸಲಿಕೆಯಿಟ್ಟು ಕೈಯಿಂದ ತಟ್ಟಿದ. ಮೇಲಿನ ಗಟ್ಟಿ ಪದರ ಇಡಿಯಾಗಿ ಜಾರಿ ಬಿತ್ತು. ಗಾಳಿ ಗಟ್ಟಿ ಮಾಡಿದ್ದು ಮೇಲಿನದನ್ನು ಮಾತ್ರ, ಅಡಿಯಲ್ಲಿ ಸಡಿಲವಿದೆ, ಕಾಲಿಟ್ಟರೆ ಇಳಿಜಾರೇ ಕುಸಿಯಬಹುದು, ವಾಪಸ್ ಹೋಗೋಣ ಎಂದ.

ಭಾವ ಕೋಲಿನಿಂದ ಹಿಮವನ್ನು ಕುಟ್ಟಿ ನೋಡಿದರು. "ಎಂತ ಹೆದರಿಕೆ ಇವನಿಗೆ! ಕಲ್ಲಿನ ಹಾಗೆ ಉಂಟಲ್ಲ. ಯಲ್ಲಾ, ಬಾ ಮಗಾ, ನಾನು ಮುಂದೆ ಹೋಗ್ತೇನೆ."

ನನಗೆ ಮೈಯೆಲ್ಲ ಉರಿಯಿತು. ಸಾಯುವ ಹಂಬಲವಿದ್ದರೆ ಒಬ್ಬರೇ ಸಾಯಬಾರದೇ, ಹೆತ್ತ ಮಗಳನ್ನೂ ಕರೆಯಬೇಕೇ? ನಾನು ಬಾಯಿ ತೆರೆಯುವ ಮೊದಲೇ ಅವಳು ಎಂದಿನಂತೆ ಇಂಗ್ಲಿಷಿನಲ್ಲಿ, "ನೋ ಪಪ್ಪಾ. ಐ ಯಾಮ್ ನಾಟ್ ಕಮಿಂಗ್" ಎಂದು ಗೈಡ್‌ನ ಹಿಂದೆ ತಿರುಗಿದಳು. ನಾನೂ ತಿರುಗಿದೆ.

ಭಾವ ಇಳಿಜಾರಿನ ಅಂಚಿನಲ್ಲೇ ನಿಂತರು. "ಬೇಡ ಭಾವ, ದಮ್ಮಯ್ಯ" ಎಂದು ನಾವು ಗೋಗರೆಯುವುದನ್ನು ಕಾಯುತ್ತಿದ್ದರು. ಕುವೈತಿನಲ್ಲಾದರೆ ಹತ್ತು ಜನ ಓಡಿ ಬರುತ್ತಿದ್ದರು. ಇಲ್ಲಿ ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅವರ ಸ್ಕೀ ಸದ್ದು ಕೇಳಿಸಿತು.

ಕುವೈತಿಗೆ ಮರಳಿ ಸಾಲ್ಮಿಯಾದ ಮನೆಗೆ ಬಂದದ್ದೇ ಅಕ್ಕನಿಗೆ ವರದಿ ಒಪ್ಪಿಸಿದರು: "ಇವಳು ಹೆದರಿದಳು. ಇಲ್ಲದಿದ್ದರೆ ನಾನು ಇಳಿದೇ ಬರ್ತಿದ್ದೆ."

"ಹೌದು ಮಮ್ಮಿ, ಹೆದರಿದ್ದೆ," ಎಂದಳು ಹುಡುಗಿ, ಅಪರೂಪಕ್ಕೆ ಕನ್ನಡದಲ್ಲಿ. "ಪಪ್ಪಾ ಒಬ್ಬರೇ ಹೋಗಿಬಿಡ್ತಾರೆ ಅಂತ."

ಭಾವ ಟೀವಿ ರಿಮೋಟ್ ಹುಡುಕತೊಡಗಿದರು.