ನಾಲ್ಕು ಡಬ್ಬಿಗಳ ಮೊದಲ ಹಾಳೆ

ಅಕ್ಕ ತೀರಿಕೊಂಡ ಮೇಲೆ ಅವಳಿಂದ ನನಗೆ ಉಳಿದದ್ದು ನಾಲ್ಕು ಡಬ್ಬಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಹೀಗೆ ತಾಲ್ಲೂಕಿಗೊಂದರಂತೆ ನಾವಿಬ್ಬರೂ ಬಚ್ಚಿಟ್ಟವು. ಜಿಯೋಕ್ಯಾಷಿಂಗ್ ಅಂತ ಆ ಆಟದ ಹೆಸರು. ಡಬ್ಬಿಯೊಳಗೆ ಪುಟ್ಟ ಲಾಗ್‌ಬುಕ್ ಹಾಕಿ ಎಲ್ಲಾದರೂ ಮರೆಯಲ್ಲಿಟ್ಟು, ಜಾಗದ ಗುರುತನ್ನು ವೆಬ್‌ಸೈಟಿಗೆ ಕೊಡುವುದು. ಯಾರೋ ಅಪರಿಚಿತರು ಫೋನು ಹಿಡಿದು ಹುಡುಕಿಕೊಂಡು ಬಂದು, ಸಹಿ ಹಾಕಿ, ಇದ್ದಲ್ಲೇ ಇಟ್ಟು ಹೋಗುವುದು. ರಿಟೈರಾದ ಇಬ್ಬರು ಟೀಚರುಗಳಿಗೆ ಅದು ತುಂಬಾ ಸಿವಿಲೈಸ್ಡ್ ಅನ್ನಿಸಿತ್ತು.

ಪ್ರತಿ ಲಾಗ್‌ಬುಕ್ಕಿನ ಮೊದಲ ಹಾಳೆಯಲ್ಲಿ ಅಕ್ಕ ಏನೋ ಬರೆಯುತ್ತಿದ್ದಳು, ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಸಿದ ಆ ದುಂಡನೆಯ ಕರ್ಸಿವ್‌ನಲ್ಲಿ. ಇಣುಕಿದರೆ ಕೈ ಅಡ್ಡ ಇಡುತ್ತಿದ್ದಳು.

"ನಿನಗೇ ಬರೀತಿರೋದು. ಮೇಂಟೆನೆನ್ಸಿಗೆ ಬರ್ತೀಯಲ್ಲ, ಆಗ ಓದು. ಈಗಲೇ ಓದಿದ್ರೆ ಮತ್ತೆ ಬರೋದೇ ಇಲ್ಲ ನೀನು, ಸೋಮಾರಿ."

ಡಬ್ಬಿ ಇಟ್ಟವರು ಆಗಾಗ ಹೋಗಿ ನೋಡಬೇಕು, ಒದ್ದೆಯಾದ ಹಾಳೆ ಬದಲಿಸಬೇಕು. ಆಗದಿದ್ದರೆ ಡಬ್ಬಿ ತೆಗೆದು, ವೆಬ್‌ಸೈಟಿನ ಪಟ್ಟಿಯಲ್ಲಿ ಆರ್ಕೈವ್ ಮಾಡಬೇಕು, ಅಂದರೆ ಕಾಯಮ್ಮಾಗಿ ಮುಚ್ಚಬೇಕು. ಇಲ್ಲವಾದರೆ ಅದು ಬರೀ ಕಸ. ಅಕ್ಕನ ಮಂಡಿ ಕೈಕೊಟ್ಟ ಮೇಲೆ ಆ ಕೆಲಸ ನನ್ನದಾಯಿತು. ನಾನು ಕುರ್ಚಿಯಲ್ಲಿ ಕೂತೇ ಆ್ಯಪಿನಲ್ಲಿ 'ಚೆಕ್ಡ್, ಆಲ್ ಫೈನ್' ಅಂತ ಹಾಕುತ್ತಿದ್ದೆ.

"ಓದಿದೆಯಾ?" ಅಂತ ಅಕ್ಕ ಒಮ್ಮೆ ಕೇಳಿದಳು.

"ಓದಿದೆ" ಅಂದೆ.

ನಾಚಿಕೊಂಡು ಗೋಡೆ ಕಡೆ ತಿರುಗಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಅವಳು ಹೋದ ಮೇಲೆ ಹೊರಟೆ. ಹೊನ್ನಾಳಿಯಲ್ಲಿ ಹೊಳೆದಂಡೆಯ ಕಲ್ಲುಗಳ ಸಮೇತ ಡಬ್ಬಿ ಕೊಚ್ಚಿಹೋಗಿತ್ತು. ನ್ಯಾಮತಿಯಲ್ಲಿ ಡಬ್ಬಿಯಿದ್ದ ಹಳೇ ಮೋರಿ ಒಡೆದು ಹೊಸದು ಕಟ್ಟಿದ್ದರು. ಜಗಳೂರಿನದು ಸಿಕ್ಕಿತು, ಮುಚ್ಚಳ ಬಿರಿದು. ಒಳಗೆ ಗೆದ್ದಲು ಮಣ್ಣು, ಹಾಳೆಯ ಒಂದು ಚೂರೂ ಇಲ್ಲ.

ಉಳಿದದ್ದು ಚನ್ನಗಿರಿಯದು, ಕೆರೆಬಿಳಚಿ ಹತ್ತಿರ ಹುಣಸೆಮರದ ಪೊಟರೆಯಲ್ಲಿ. ಗಟ್ಟಿಯಾದದ್ದು ಇರಲೆಂದು ಅಮ್ಮನ ಸ್ಟೀಲಿನ ಎಲೆಅಡಿಕೆ ಡಬ್ಬಿಯನ್ನೇ ಇಟ್ಟಿದ್ದೆವು. ಅಡಿಕೆ ಸೀಮೆಯಲ್ಲಿ ಅಡಿಕೆ ಡಬ್ಬಿ ಬಚ್ಚಿಟ್ಟ ಬುದ್ಧಿವಂತರು ನಾವು.

ಮರದ ಕೆಳಗೆ ಅಡಿಕೆ ಸುಲಿಯುವ ಹೆಂಗಸರು ಊಟ ಮುಗಿಸಿ ಕೂತಿದ್ದರು. ಡಬ್ಬಿ ಅವರ ನಡುವೆಯೇ ಇತ್ತು, ಬೆಳಗಿಟ್ಟ ಹಾಗೆ.

"ಬರ್ರಿ ಅಮ್ಮಾರೆ, ಎಲೆ ಹಾಕ್ಕಳ್ರಿ" ಅಂದಳು ಹಿರಿಯಾಕೆ. "ಇದು ಈ ಮರಕ್ಕೆ ಸೇರಿದ ಡಬ್ಬಿ. ಇದ್ದೋರು ಹಾಕ್ತಾರೆ, ಇಲ್ದೋರು ತಿಂತಾರೆ."

"ಅದು ನಾವಿಟ್ಟದ್ದಮ್ಮ. ಒಳಗೊಂದು ಪುಸ್ತಕ ಇತ್ತು."

"ಐತಲ್ರಿ." ಸೊಂಟದ ಚೀಲದಿಂದ ತೆಗೆದುಕೊಟ್ಟಳು. "ಹೊಗೆಸೊಪ್ಪು ಕಟ್ಟಾಕೆ ಬರೆದಿದ್ದ ಹಾಳೆ ಅಷ್ಟೇ ಹರಕಂಡೀವಿ. ಖಾಲಿವು ಯಾರಿಗಾದ್ರೂ ಬರಿಯಾಕೆ ಬೇಕಾಗ್ತಾವಂತ ಒಂದೂ ಮುಟ್ಟಿಲ್ಲ."

ನಿಜ. ಖಾಲಿ ಹಾಳೆಗಳು ಗರಿಗರಿಯಾಗಿದ್ದವು. ಮುಂದೆ ದಾರದ ಹೊಲಿಗೆಗೆ ಹರಿದ ಅಂಚು ಮಾತ್ರ ಅಂಟಿಕೊಂಡಿತ್ತು.

"ಏನಿತ್ರಿ ಅದ್ರಾಗೆ, ಹೊಲದ ಪತ್ರನಾ?" ಅಂದಳು ಕಿರಿಯಾಕೆ. ಎಲ್ಲರೂ ನಕ್ಕರು.

"ನಾನೂ ಓದಿಲ್ಲ."

"ಇಷ್ಟು ಓದಿದೋರ ಹಂಗೆ ಕಾಣ್ತೀರಿ. ಬರೆದೋರ್ನ ಕೇಳ್ರಿ ಮತ್ತೆ."

ಹಿರಿಯಾಕೆ ನನ್ನ ಮುಖ ನೋಡಿದಳು. ಏನೂ ಕೇಳದೆ, ಡಬ್ಬಿಯ ಅಡಿಕೆಯನ್ನೆಲ್ಲ ಸೆರಗಿಗೆ ಸುರಿದುಕೊಂಡು, ಒಳಗಿನ ಸುಣ್ಣ ಒರೆಸಿ, ನನ್ನ ಕೈಗಿಟ್ಟಳು. ಅವರಿಗೇ ಬಿಟ್ಟುಬರಬಹುದಿತ್ತು. ಅಮ್ಮನದು ಅನ್ನುವ ಆಸೆ ಬಿಡಲಿಲ್ಲ. ಬಸ್ಸಿನಲ್ಲಿ ಕೂತಾಗ ಅದೂ ಒಂದು ಸಣ್ಣತನ ಅನ್ನಿಸಿತು.

ಮನೆಗೆ ಬಂದು ನಾಲ್ಕನ್ನೂ ಆರ್ಕೈವ್ ಮಾಡಿದೆ. ಒಮ್ಮೆ ಒತ್ತಿದರೆ ಹಿಂತಿರುಗಿಸಲು ಬರುವುದಿಲ್ಲ. ಕೊನೆಯದಕ್ಕೆ, ಕಾರಣ ಬರೆಯುವ ಜಾಗದಲ್ಲಿ, ಮೊದಲ ಸಲ ನಿಜ ಬರೆದೆ: "ಖುದ್ದಾಗಿ ಹೋಗಿ ನೋಡಿದೆ. ಡಬ್ಬಿ ತೆಗೆದಿದ್ದೇನೆ. ಅಲ್ಲಿ ಇನ್ನೇನೂ ಉಳಿದಿಲ್ಲ."